ಕಾರ್ಡು, ಮಷಿನ್ನು, ಸರ್ಟಿಫಿಕೇಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಕಾಂಟ್ಯಾಕ್ಟ್‌ಲೆಸ್ (ಟ್ಯಾಪ್ ಮಾಡೋ) ಕಾರ್ಡ್ ಬಗ್ಗೆ ಯಾರೋ ಕೇಳಿದ್ದಕ್ಕೆ ನಾಲ್ಕು ಸಾಲು ಬರ್ದು, ನಾನೂ ಕಾರ್ಡ್ ಟೆಸ್ಟಿಂಗ್ ಲೈನ್‌ನಲ್ಲೇ ಕೆಲಸ ಮಾಡೋನು ಅಂತ ಕೊನೇಲಿ ಹೇಳಿದ್ದೆ. ಈ ಸಲ ಬಂದಿರೋ ಪತ್ರ ಹೆಚ್ಚೂಕಮ್ಮಿ ಎಲ್ಲಾ ಆ ಟೆಸ್ಟಿಂಗ್ ಮೇಲೇನೇ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಟು, ಈ ಸಲ ಪೂರ್ತಿ ಇದನ್ನೇ ಬರೀತಿದೀನಿ.

ಪ್ರಶ್ನೆ: ಮಲ್ಲೇಶ್ವರಂ 8ನೇ ಕ್ರಾಸ್‌ನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಹೊಸ ಮಾಡೆಲ್ ಸ್ವೈಪ್ ಮಷಿನ್ ಹಬ್ಬಕ್ಕೆ ಮುಂಚೆ ಕೊಡ್ತೀವಿ ಅಂದ್ರು, ಹಬ್ಬ ಮುಗಿದು ತಿಂಗಳಾಯ್ತು, ಕೇಳಿದ್ರೆ ಸರ್ಟಿಫಿಕೇಶನ್ ಪೆಂಡಿಂಗ್ ಅಂತಾರೆ. ಡೆಮೋ ಪೀಸ್ ನನ್ನ ಕಣ್ಣೆದುರೇ ಆನ್ ಆಯ್ತು. ಇನ್ನೇನು ಸರ್ಟಿಫಿಕೇಟ್ ಬೇಕು ಅದಕ್ಕೆ?

ಹಬ್ಬದ ವ್ಯಾಪಾರದ ಹೊತ್ತಲ್ಲಿ ಹೀಗಾದ್ರೆ ಬೇಜಾರಾಗೋದು ಸಹಜ. ಆದ್ರೆ ಮಷಿನ್ ಆನ್ ಆದ್ರೆ ಬ್ಯಾಟರಿ, ಸ್ಕ್ರೀನ್ ಸರಿ ಇದೆ ಅಂತಷ್ಟೇ ಗೊತ್ತಾಗತ್ತೆ ಸರ್. ನಿಮ್ಮ ಅಂಗಡಿಗೆ ಕೆನರಾ ಬ್ಯಾಂಕ್ ರುಪೇ ಕಾರ್ಡ್ ಹಿಡ್ಕೊಂಡು ಅಜ್ಜಿಯೊಬ್ಬರು ಬರ್ತಾರೆ, ಅಮೆರಿಕದಿಂದ ರಜಕ್ಕೆ ಬಂದಿರೋ ಅವರ ಮೊಮ್ಮಗಳು ಅಲ್ಲಿನ ವೀಸಾ ಕಾರ್ಡ್ ತರ್ತಾಳೆ, ಎರಡೂ ಒಂದೇ ಮಷಿನ್‌ನಲ್ಲಿ ನಡೀಬೇಕು. ಇದಕ್ಕಾಗೇ ಇಎಂವಿ ಅನ್ನೋ ಸ್ಟ್ಯಾಂಡರ್ಡ್ ಇರೋದು, ಯೂರೋಪೇ, ಮಾಸ್ಟರ್‌ಕಾರ್ಡ್, ವೀಸಾ ಅನ್ನೋ ಮೂರು ಹೆಸರಿನ ಮೊದಲಕ್ಷರ ಅದು, 1999ರಿಂದ ಇಎಂವಿಕೋ ಅನ್ನೋ ಸಂಸ್ಥೆ ಅದನ್ನ ನೋಡ್ಕೊಳತ್ತೆ.

ಟೆಸ್ಟ್ ಮೂರು ಹಂತದಲ್ಲಿ ನಡೆಯತ್ತೆ, ಲೈನ್‌ನಲ್ಲಿ ಎಲ್‌1, ಎಲ್‌2, ಎಲ್‌3 ಅಂತೀವಿ. ಎಲ್‌1 ಅಂದ್ರೆ ವಿದ್ಯುತ್ತು ಮತ್ತೆ ಆಂಟೆನಾ, ಚಿಪ್‌ಗೆ ಸರಿಯಾದ ವೋಲ್ಟೇಜ್ ಹೋಗ್ತಿದ್ಯಾ, ಟ್ಯಾಪ್ ಮಾಡಿದ್ರೆ 13.56 ಮೆಗಾಹರ್ಟ್ಸ್ ಫೀಲ್ಡು ರೀಡರ್ ಮೇಲೆ ನಾಲ್ಕು ಸೆಂಟಿಮೀಟರ್ ಎತ್ತರದವರೆಗೂ ಸಾಕಷ್ಟು ಬಲವಾಗಿದ್ಯಾ ಅಂತ ಒಂದೊಂದು ಜಾಗದಲ್ಲೂ ಅಳೀತಾರೆ. ಎಲ್‌2 ಅಂದ್ರೆ ಕರ್ನಲ್, ಕಾರ್ಡ್ ಜೊತೆ ಮಾತಾಡೋ ಸಾಫ್ಟ್‌ವೇರ್. ಈ ಎರಡನ್ನೂ ಮಷಿನ್ ಮಾಡೋ ಕಂಪನಿ ಮಾಡೆಲ್‌ಗೆ ಒಂದ್ಸಲ ಮಾಡ್ಸಿ ಅಪ್ರೂವಲ್ ಲೆಟರ್ ತಗೊಳತ್ತೆ, ಪಿನ್ ಒತ್ತೋ ಭಾಗದ ಸೇಫ್ಟಿಗೆ ಪಿಸಿಐ (ಕಾರ್ಡ್ ಸೇಫ್ಟಿ ನಿಯಮ ಮಾಡೋ ಸಂಸ್ಥೆ) ಕೊಡೋ ಪಿಟಿಎಸ್ ಅಂತ ಬೇರೆ ಅಪ್ರೂವಲ್ ಇರತ್ತೆ. ಎಲ್‌3 ಅಂದ್ರೆ ನಿಮಗೆ ಮಷಿನ್ ಕೊಡೋ ಬ್ಯಾಂಕಿನ ಸಿಸ್ಟಮ್‌ಗೆ ಅದನ್ನ ಜೋಡ್ಸಿ ಕಾರ್ಡ್‌ನಿಂದ ಬ್ಯಾಂಕ್‌ವರೆಗೆ ಪೂರ್ತಿ ದಾರಿ ಟೆಸ್ಟ್ ಮಾಡೋದು, ರುಪೇಗೆ ಬೇರೆ, ವೀಸಾಗೆ ಬೇರೆ, ಮಾಸ್ಟರ್‌ಕಾರ್ಡ್‌ಗೆ ಬೇರೆ. ನಾನು ನೋಡಿರೋ ಮಟ್ಟಿಗೆ ತಿಂಗಳುಗಟ್ಟಲೆ ನಿಂತಿರೋದೆಲ್ಲಾ ಹೆಚ್ಚಾಗಿ ಇಲ್ಲೇ.

ಸುಮ್ನೆ "ಯಾವಾಗ ಕೊಡ್ತೀರಾ" ಅಂತ ಕೇಳಿದ್ರೆ ಮುಂದಿನ ವಾರ ಅಂತಾನೇ ಹೇಳ್ತಾರೆ. ಎಲ್‌1, ಎಲ್‌2 ಅಪ್ರೂವಲ್ ಇನ್ನೂ ಚಾಲ್ತೀಲಿ ಇದ್ಯಾ, ಎಲ್‌3 ಯಾವ ಕಾರ್ಡ್ ನೆಟ್‌ವರ್ಕ್‌ಗೆ (ರುಪೇ, ವೀಸಾ, ಮಾಸ್ಟರ್‌ಕಾರ್ಡ್ ಥರದ್ದು) ಮುಗಿದಿದೆ, ಯಾವುದು ಬಾಕಿ ಅಂತ ಕೇಳಿ. ಅಪ್ರೂವಲ್‌ಗೂ ಎಕ್ಸ್‌ಪೈರಿ ಇರತ್ತೆ. ಹಳೇ ಮಾಡೆಲ್‌ದು ನಾಳೆ ಮುಗಿಯೋ ಹಾಗಿದ್ರೆ ಅದನ್ನ ತಗೋಳೋದೇ ಬೇಡ.

ಪ್ರಶ್ನೆ: ನಾನು ಒಂದು ಸಹಕಾರಿ ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿದೀನಿ, ಬಸವನಗುಡಿ ಕಡೆ. ಹೊಸ ಡೆಬಿಟ್ ಕಾರ್ಡ್ ಸ್ಯಾಂಪಲ್ ವ್ಯಾಲಿಡೇಶನ್‌ಗೆ (ಸರಿ ಇದ್ಯಾ ಅನ್ನೋ ಪರೀಕ್ಷೆಗೆ) ಕಳಿಸಿ ಎರಡು ಸಲ ಫೇಲ್ ಆಗಿ ವಾಪಸ್ ಬಂತು. ಪ್ರತೀ ಸಲ ಹೊಸ ಸ್ಯಾಂಪಲ್, ಹೊಸ ಕಾಯೋದು. ಇದನ್ನ ಬೇಗ ಮುಗಿಸೋ ದಾರಿ ಏನಾದ್ರೂ ಇದ್ಯಾ?

ಇದೆ ಮೇಡಂ. ಈ ತಪ್ಪಲ್ಲಿ ನಾನೂ ಸಿಕ್ಕಾಕೊಂಡಿದ್ದೆ, ಅದಕ್ಕೆ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಸುಮಾರು ವರ್ಷದ ಹಿಂದೆ ನಾನಿದ್ದ ಒಂದು ಕಂಪನೀಲಿ ಕಾರ್ಡ್ ಡೇಟಾ ತಯಾರು ಮಾಡೋ ಪ್ರೋಗ್ರಾಂ ಬರೀತಿದ್ವಿ. ಚಿಪ್ ಒಳಗೆ 5ಎಫ್28 ಅನ್ನೋ ಟ್ಯಾಗ್ (ಮಾಹಿತಿ ಬರೆಯೋ ಒಂದು ಖಾನೆ) ಇರತ್ತೆ, ಕಾರ್ಡ್ ಯಾವ ದೇಶದ್ದು ಅಂತ ಅದರಲ್ಲಿ ಬರೀಬೇಕು. ಭಾರತದ ಕೋಡ್ 356, ಅದನ್ನ ಚಿಪ್‌ನಲ್ಲಿ 03 56 ಅಂತ ಎರಡು ಬೈಟ್‌ನಲ್ಲಿ ಇದ್ದ ಹಾಗೇ ಬರೀಬೇಕು. ನಮ್ಮ ಟೀಮ್‌ನಲ್ಲಿ ಒಬ್ಬರು ಅದನ್ನ ಮಾಮೂಲಿ ನಂಬರ್ ಅಂದ್ಕೊಂಡು ಹೆಕ್ಸ್‌ಗೆ (ಕಂಪ್ಯೂಟರ್‌ನ 16ರ ಲೆಕ್ಕಕ್ಕೆ) ಬದಲಾಯಿಸಿಬಿಟ್ರು, 356 ಹೋಗಿ 01 64 ಆಯ್ತು. ಲೆಕ್ಕ ಸರಿಯೇ, ಹೆಕ್ಸ್‌ನಲ್ಲಿ ಆ 01 ಅಂದ್ರೆ 256, 64 ಅಂದ್ರೆ 100, ಸೇರಿದ್ರೆ 356. ಆದ್ರೆ ಕಾರ್ಡ್ ಈಗ ಭಾರತದ್ದಲ್ಲ! ಮಷಿನ್ ಏನ್ ಮಾಡತ್ತೆ ಅಂದ್ರೆ ತನ್ನ ದೇಶದ ಕೋಡ್ 0356, ಕಾರ್ಡ್‌ದು 0164, ಸರಿ ಇದು ಫಾರಿನ್ ಕಾರ್ಡ್ ಅಂತ ತಿಳ್ಕೊಳತ್ತೆ, ಆಮೇಲೆ ಈ ಕಾರ್ಡ್ ಹೊರದೇಶದಲ್ಲಿ ನಡೆಯತ್ತಾ ಅಂತ 9ಎಫ್07 ಟ್ಯಾಗ್ ನೋಡತ್ತೆ, ನಮ್ಮದು ಬರೀ ದೇಶದೊಳಗೆ ನಡೆಯೋ ಕಾರ್ಡು, ತಕ್ಷಣ ಟಿವಿಆರ್‌ನ (ಮಷಿನ್ ತಾನು ಚೆಕ್ ಮಾಡಿದ್ದರ ಫಲಿತಾಂಶ ಗುರುತು ಹಾಕ್ಕೊಳೋ ಪಟ್ಟಿ) ಎರಡನೇ ಬೈಟ್‌ನಲ್ಲಿ 10, ಅಂದ್ರೆ ಈ ಕಾರ್ಡ್‌ಗೆ ಇದು ನಡೆಯಲ್ಲ, ಅಂತ ಗುರುತು ಬಿದ್ದು ಬ್ಯಾಂಕಿಗೆ ಒಂದು ಮಾತೂ ಕೇಳದೆ ಅಲ್ಲೇ ಡಿಕ್ಲೈನ್.

ನಮ್ಮ ಆಫೀಸಲ್ಲಿ ಮಾತ್ರ ಅದೇ ಕಾರ್ಡ್ ಚೆನ್ನಾಗೇ ಪಾಸ್ ಆಗ್ತಿತ್ತು, ದಿನಕ್ಕೆ ಐವತ್ತು ಸಲ. ಯಾಕಂದ್ರೆ ನಮ್ಮ ಟೆಸ್ಟ್ ಟರ್ಮಿನಲ್ ಕಾನ್ಫಿಗರ್ ಮಾಡಿದ್ದೂ ಅವರೇ, ಅದರಲ್ಲೂ 0164 ಅಂತಾನೇ ಇತ್ತು. ಎರಡು ಕಡೆ ಒಂದೇ ತಪ್ಪು, ಒಂದಕ್ಕೊಂದು ಹೊಂದ್ಕೊಂಡು ಕೂತಿತ್ತು. ಹೊರಗಿನ ಲ್ಯಾಬ್‌ನಲ್ಲಿ ಮೊದಲನೇ ಟ್ರಾನ್ಸಾಕ್ಷನ್‌ಗೇ ಗೊತ್ತಾಯ್ತು, ಆದ್ರೆ ಆ ಹೊತ್ತಿಗೆ ನಮಗೆ ಮೂರು ವಾರ ಹೋಗಿತ್ತು.

ಅದಕ್ಕೇ ನಿಮಗೆ ನಾನು ಹೇಳೋದು ಒಂದೇ, ಹೊರಗೆ ಕಳಿಸೋಕೆ ಮುಂಚೆ ಒಳಗೇ ಓದ್ಸಿ. ಕಾರ್ಡ್ ಮಾಡೋ ಬ್ಯೂರೋದವರ ಹತ್ರ ಚಿಪ್ ಓದೋ ಟೂಲ್ ಇರತ್ತೆ, ಸ್ಯಾಂಪಲ್ ಜೊತೆ ಅದರ ಪೂರ್ತಿ ಲಾಗ್ ಕೊಡಿ ಅಂತ ಕೇಳಿ. ಮೇಲೆ ಪ್ರಿಂಟ್ ಆಗಿರೋ ಕಾರ್ಡ್ ನಂಬರು, 5ಎ ಟ್ಯಾಗ್‌ನಲ್ಲಿರೋದು, 57ರಲ್ಲಿ ಇರೋ ಟ್ರ್ಯಾಕ್ 2 ಡೇಟಾ (ಕಾರ್ಡ್ ಹಿಂದಿನ ಕಪ್ಪು ಪಟ್ಟೀಲಿ ಇರೋಂಥ ಮಾಹಿತಿ) ಒಳಗಿನ ನಂಬರು ಮೂರೂ ಒಂದೇ ಇದ್ಯಾ ನೋಡಿ. ಸರ್ವಿಸ್ ಕೋಡ್ ಮೊದಲ ಅಂಕಿ ನೋಡಿ, 2 ಅಂದ್ರೆ ಹೊರದೇಶಕ್ಕೂ ನಡೆಯೋ ಚಿಪ್ ಕಾರ್ಡು, 6 ಅಂದ್ರೆ ದೇಶದೊಳಗೆ ಮಾತ್ರ, ಅದು 2 ಅಂತಿದ್ದು 9ಎಫ್07 ದೇಶದೊಳಗೆ ಮಾತ್ರ ಅಂತಿದ್ರೆ ಯಾರೋ ಎರಡು ಬೇರೆಬೇರೆ ಡಾಕ್ಯುಮೆಂಟ್ ನೋಡ್ಕೊಂಡು ಕೆಲಸ ಮಾಡಿದಾರೆ ಅಂತ ಅರ್ಥ. ಇನ್ನೊಂದು, ಕೊನೇ ಗಳಿಗೇಲಿ ಒಂದೇ ಒಂದು ಬೈಟ್ ತಿದ್ದಿದ್ರೂ ಆ ರೆಕಾರ್ಡ್ ಡಿಜಿಟಲ್ ಸಹಿ ಹಾಕಿರೋ ಡೇಟಾದಲ್ಲಿ ಇದ್ರೆ ಸಹಿ ಮತ್ತೆ ಹಾಕಿಸ್ಬೇಕು, ಇಲ್ದಿದ್ರೆ ಬ್ಯಾಂಕಿಗೆ ಕೇಳದೆ ಮಷಿನ್ನೇ ಮಾಡೋ ಆಫ್‌ಲೈನ್ ಡೇಟಾ ಚೆಕ್ ಫೇಲ್ ಆಗತ್ತೆ. ನಿಮ್ಮ ಎರಡನೇ ಫೇಲ್ ಇದೇ ಇರಬಹುದು ಅಂತ ನನಗೆ ಅನುಮಾನ, ಮೊದಲನೇ ತಪ್ಪು ತಿದ್ದೋ ಅವಸರದಲ್ಲಿ ಎಷ್ಟೋ ಕಡೆ ಹೀಗಾಗತ್ತೆ.

ಮತ್ತೆ ಓದೋ ಕೆಲಸ ಡೇಟಾ ತಯಾರು ಮಾಡಿದವರ ಕೈಗೆ ಕೊಡಬೇಡಿ, ಬೇರೆಯವರು ಸ್ಪೆಸಿಫಿಕೇಶನ್ ಪಕ್ಕದಲ್ಲಿ ಇಟ್ಕೊಂಡು ಓದ್ಲಿ.

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಟರ್ಮಿನಲ್ ಟೆಸ್ಟರ್ ಆಗಿದೀನಿ. ಡಬ್ಬದ ತುಂಬ ಟೆಸ್ಟ್ ಕಾರ್ಡ್, ಒಂದೊಂದೇ ಹಾಕಿ ಪಿನ್ ಒತ್ತಿ ರಸೀದಿ ಅಂಟ್ಸಿ ಎಕ್ಸೆಲ್‌ನಲ್ಲಿ ಬರೀಬೇಕು. ಸಾಫ್ಟ್‌ವೇರ್ ಒಂದು ಸಾಲು ಬದಲಾದ್ರೂ ಮತ್ತೆ ಮೊದಲಿಂದ. ಹೊಳೇಲಿ ಹುಣಸೆಹಣ್ಣು ತೊಳೆದಂಗೆ ಆಗ್ತಿದೆ. ಮ್ಯಾನೇಜರ್‌ಗೆ ಏನು ಹೇಳ್ಲಿ?

ನಿಮ್ಮ ವಯಸ್ಸಲ್ಲಿ ನಾನೂ ಅದೇ ಡಬ್ಬ ಇಟ್ಕೊಂಡು ಕೂತಿದ್ದೆ, ಸಾಯಂಕಾಲದ ಹೊತ್ತಿಗೆ ಹೆಬ್ಬೆರಳು ಮರಗಟ್ಟಿರ್ತಿತ್ತು. ಮ್ಯಾನೇಜರ್‌ಗೆ ಟೂಲ್ ಕೊಡ್ಸಿ ಅಂತ ಕೇಳೋಕೆ ಮುಂಚೆ ಒಂದು ವಾರ ನಿಮ್ಮ ಸಮಯ ಎಲ್ಲೆಲ್ಲಿ ಹೋಗತ್ತೆ ಅಂತ ಬರ್ದಿಡಿ. ನಾನು ಹಾಗೆ ಬರ್ದಾಗ ಟೆಸ್ಟ್ ಮಾಡಿದ್ದು ಕಮ್ಮಿ ಹೊತ್ತು, ಸರಿಯಾದ ಕಾರ್ಡ್ ಹುಡುಕಿದ್ದು, ಹಿಂದಿನ ಟೆಸ್ಟ್‌ನಲ್ಲಿ ಬ್ಲಾಕ್ ಆದ ಪಿನ್ ಸರಿ ಮಾಡಿದ್ದು, ಬ್ಯಾಂಕಿನ ಟೆಸ್ಟ್ ಹೋಸ್ಟ್ (ಟೆಸ್ಟಿಗೆ ಉತ್ತರ ಕೊಡೋ ಬ್ಯಾಂಕ್ ಕಂಪ್ಯೂಟರ್) ಯಾವಾಗ ಫ್ರೀ ಆಗತ್ತೆ ಅಂತ ಕಾದಿದ್ದು, ಲಾಗ್ ಹುಡುಕಿ ರಸೀದಿ ಜೊತೆ ಹೊಂದ್ಸಿದ್ದೇ ಜಾಸ್ತಿ. ಆ ಪಟ್ಟಿ ತೋರ್ಸಿದ ಮೇಲೇ ನಮ್ಮ ಮೇಲಿನವರು ಕಿವಿ ಕೊಟ್ಟಿದ್ದು.

ಡಬ್ಬದ ಕೆಲಸಕ್ಕೆ ಕಾರ್ಡ್ ಸಿಮ್ಯುಲೇಟರ್ ಇದೆ. ಕಾರ್ಡ್ ಆಕಾರದ ಪ್ರೋಬ್ ಮಷಿನ್‌ಗೆ ಹಾಕಿದ್ರೆ ಕಂಪ್ಯೂಟರ್‌ನಿಂದ ಯಾವ ಟೆಸ್ಟ್ ಕಾರ್ಡ್ ಬೇಕಾದ್ರೂ ಆಗತ್ತೆ, ಕಾರ್ಡ್‌ಗೂ ಮಷಿನ್‌ಗೂ ನಡೆದ ಮಾತುಕತೆ ಒಂದೊಂದು ಬೈಟೂ ರೆಕಾರ್ಡ್ ಆಗತ್ತೆ. ಬ್ಯಾಂಕ್ ಕಡೆಗೆ ಹೋಸ್ಟ್ ಸಿಮ್ಯುಲೇಟರ್ ಹಾಕಿದ್ರೆ ನೀವು ಯಾರಿಗೂ ಕಾಯಬೇಕಿಲ್ಲ. ಈ ಎರಡು ಲಾಗ್ ಸೇರಿಸಿ ಪಾಸೋ ಫೇಲೋ ಅಂತ ಟೂಲೇ ಹೇಳತ್ತೆ. ಎಲ್‌3 ಟೂಲ್‌ಗಳಿಗೂ ಇಎಂವಿಕೋ ಕ್ವಾಲಿಫಿಕೇಶನ್ ಇದೆ, ಟೆಸ್ಟ್ ಕೇಸ್‌ಗಳನ್ನ ಒಂದೇ ರೂಪದಲ್ಲಿ ಕೊಡೋ ಫ್ರೇಮ್‌ವರ್ಕೂ ಇದೆ, ಹಾಗಾಗಿ ಕ್ವಾಲಿಫೈ ಆಗಿರೋದನ್ನೇ ತಗೊಳ್ಳಿ. ಇಲ್ದಿದ್ರೆ ನೀವು ಮಾಡಿದ ಪ್ರಿ-ಟೆಸ್ಟಿಗೂ ಲ್ಯಾಬ್ ಫಲಿತಾಂಶಕ್ಕೂ ತಾಳೆ ಆಗದೆ ಹೊಸ ಜಗಳ ಶುರುವಾಗತ್ತೆ. ಪಿನ್ ಒತ್ತೋಕೆ ರೋಬೋ ಕೈ ಇಟ್ಟಿರೋ ಲ್ಯಾಬ್‌ಗಳೂ ಇವೆ, ರಾತ್ರಿ ಓಡ್ಸಿ ಬಿಟ್ರೆ ಬೆಳಗ್ಗೆ ಬಂದು ಫೇಲ್ ಆದದ್ದನ್ನಷ್ಟೇ ನೋಡಬಹುದು.

ಟೂಲ್‌ಗಿಂತ ಮುಂಚೆ, ದುಡ್ಡಿಲ್ದೇ ಸರಿ ಮಾಡಬಹುದಾದ್ದು ಐಸಿಎಸ್ ಫಾರಂ. ಮಷಿನ್‌ನಲ್ಲಿ ಏನೇನು ಸೌಲಭ್ಯ ಇದೆ ಅಂತ ಟೆಸ್ಟಿಗೆ ಮುಂಚೆ ಬರ್ದು ಕೊಡ್ತೀವಲ್ಲ ಅದು. ಅದನ್ನ ನೋಡ್ಕೊಂಡೇ ಯಾವ ಟೆಸ್ಟ್ ನಡೀಬೇಕು ಅಂತ ತೀರ್ಮಾನ ಆಗತ್ತೆ. ಹಳೇ ಪ್ರಾಜೆಕ್ಟಿನ ಫಾರಂ ಕಾಪಿ ಮಾಡಿ ಹೆಸರು ಬದಲಾಯ್ಸಿ ಕಳ್ಸಿದಾರೆ, ಅದರಲ್ಲಿ ಆಫ್‌ಲೈನ್ ಪಿನ್ (ಪಿನ್ ಸರಿಯಾ ಅಂತ ಬ್ಯಾಂಕ್ ಬದಲು ಚಿಪ್ಪೇ ನೋಡೋದು) ಇದೆ ಅಂತ ಟಿಕ್ ಇದೆ, ಈ ಮಷಿನ್‌ನಲ್ಲಿ ಅದು ಇಲ್ವೇ ಇಲ್ಲ, ಆ ಗುಂಪಿನ ಟೆಸ್ಟೆಲ್ಲಾ ಸಾಲಾಗಿ ಫೇಲ್. ಇಂಥದ್ದು ನಾನು ಒಂದಲ್ಲ ನಾಲ್ಕು ಸಲ ನೋಡಿದೀನಿ. ಕೋಡ್ ಬರ್ದವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಗಂಟೆ ಕೂತು ಫಾರಂ ತುಂಬಿ, ಎರಡು ವಾರ ಉಳಿಯತ್ತೆ.

"ಒಂದು ಸಾಲು ಬದಲಾದ್ರೂ ಮೊದಲಿಂದ" ಅಂದ್ರಲ್ಲ, ಇಲ್ಲಿ ಡೆವಲಪರ್ಸ್ ಜೊತೆ ಜಗಳ ಆಡಿಯಾದ್ರೂ ಕರ್ನಲ್ ಬೇರೆ, ಅಂಗಡಿಯವರಿಗೆ ಕಾಣೋ ಮೆನು, ರಸೀದಿ, ಬಿಲ್ಲಿಂಗ್ ಬೇರೆ ಅಂತ ವಿಂಗಡ್ಸಿ ಇಡೋ ಹಾಗೆ ಮಾಡ್ಸಿ. ಲೋಗೋ ಬದಲಾದ್ರೆ ಕರ್ನಲ್ ಚೆಕ್‌ಸಮ್ (ಸಾಫ್ಟ್‌ವೇರ್ ಬದಲಾಗಿದ್ಯಾ ಅಂತ ತೋರಿಸೋ ಅಂಕಿ) ಬದಲಾಗಬಾರ್ದು. ಚೆಕ್‌ಸಮ್ ಹಾಗೇ ಇದ್ರೆ ಬದಲಾದ ಭಾಗ ಯಾವುದು ಅಂತ ದಾಖಲೆ ಸಮೇತ ತೋರ್ಸಿ ಕಮ್ಮಿ ಟೆಸ್ಟ್ ಸಾಕು ಅಂತ ಕೇಳೋಕೆ ನಿಮಗೆ ಬಾಯಿರತ್ತೆ. ಮತ್ತೆ ಒಂದು ಮಾತು, ಎಷ್ಟೇ ಅರ್ಜೆಂಟ್ ಇದ್ರೂ ಗಿರಾಕಿಗಳ ನಿಜವಾದ ಕಾರ್ಡ್ ನಂಬರ್ ಟೆಸ್ಟಿಗೆ ಬಳಸಬೇಡಿ, ಪಿಸಿಐ ನಿಯಮ ಅದನ್ನ ಒಪ್ಪಲ್ಲ.

ಪ್ರಶ್ನೆ: ಎಲ್ಲಾ ಕಾರ್ಡ್‌ನಲ್ಲೂ ಅದೇ ಚಿಪ್ಪು, ಅದೇ ಟ್ಯಾಪು. ಮತ್ಯಾಕೆ ಒಂದೊಂದು ನೆಟ್‌ವರ್ಕ್‌ಗೂ ಬೇರೆಬೇರೆ ಟೆಸ್ಟ್? ಒಂದೇ ಸಲ ಮಾಡಿ ಮುಗಿಸಬಾರ್ದಾ? (ರಾಜಾಜಿನಗರದ ಓದುಗರು)

ಹೊರಗಿಂದ ಒಂದೇ ಥರ ಕಾಣತ್ತೆ, ಒಳಗೆ ಕಾಂಟ್ಯಾಕ್ಟ್‌ಲೆಸ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಕರ್ನಲ್. ಇಎಂವಿ ಪುಸ್ತಕದಲ್ಲಿ ಮಾಸ್ಟರ್‌ಕಾರ್ಡ್‌ದು ಸಿ-2, ವೀಸಾದು ಸಿ-3, ಅಮೆರಿಕನ್ ಎಕ್ಸ್‌ಪ್ರೆಸ್, ಜೆಸಿಬಿ, ಡಿಸ್ಕವರ್, ಯೂನಿಯನ್‌ಪೇ ಹೀಗೆ ಸಿ-7ವರೆಗೂ ಹೋಗತ್ತೆ, ನಮ್ಮ ರುಪೇದು ಮತ್ತೆ ಬೇರೆ. ಎಷ್ಟು ಕರ್ನಲ್ಲೋ ಅಷ್ಟು ಟೆಸ್ಟು.

ಬರೀ ಹೆಸರಿನ ವ್ಯತ್ಯಾಸ ಅಂದ್ಕೋಬೇಡಿ. 2021ರ ಜನವರಿ 1ರಿಂದ ಆರ್‌ಬಿಐ ಪಿನ್ ಇಲ್ದೇ ಟ್ಯಾಪ್ ಮಾಡೋ ಮಿತೀನ 2000ದಿಂದ 5000 ರೂಪಾಯಿಗೆ ಏರಿಸ್ತಲ್ಲ, ಆಗ ಎಲ್ಲಾ ಮಷಿನ್‌ನಲ್ಲೂ ಆ ಅಂಕಿ ಬದಲಾಯಿಸ್ಬೇಕಾಯ್ತು. ಒಂದು ಜಾತಿ ಕರ್ನಲ್ ಮೊತ್ತ ಮಿತಿಗಿಂತ ಜಾಸ್ತಿ ಆದ್ರೆ ಪಿನ್ ಕೇಳತ್ತೆ, ಇನ್ನೊಂದು ಮಿತಿಗೆ ಸಮ ಆದ್ರೂ ಕೇಳತ್ತೆ. ಎರಡಕ್ಕೂ 5000 ಅಂತಾನೇ ಹಾಕಿದ್ರೆ ಸರಿಯಾಗಿ ಐದು ಸಾವಿರದ ಬಿಲ್ಲಿಗೆ ಒಂದು ಕಾರ್ಡ್ ಸುಮ್ನೆ ಹೋಗತ್ತೆ, ಇನ್ನೊಂದಕ್ಕೆ ಪಿನ್ ಬೇಕಾಗತ್ತೆ, ಎರಡನೇದಕ್ಕೆ 5000 ರೂಪಾಯಿ 1 ಪೈಸೆ ಅಂತ ಹಾಕಬೇಕು. ಒಂದು ಪೈಸೆ! ಅದಕ್ಕೆ ಮಿತಿ ಟೆಸ್ಟ್ ಮಾಡುವಾಗ ಒಂದು ಪೈಸೆ ಕೆಳಗೆ, ಸರಿಯಾಗಿ ಅಷ್ಟೇ, ಒಂದು ಪೈಸೆ ಮೇಲೆ ಅಂತ ಮೂರು ಸಲ ಪ್ರತೀ ನೆಟ್‌ವರ್ಕ್‌ಗೂ ಮಾಡಲೇಬೇಕು.

ಎಲ್ಲರಿಗೂ ಒಂದೇ ಕರ್ನಲ್ ಅನ್ನೋ ಯೋಚನೆ ಬಂದೇ ಇಎಂವಿಕೋ 2022ರಲ್ಲಿ ಸಿ-8 ಅನ್ನೋ ಹೊಸ ಕರ್ನಲ್ ಸ್ಪೆಸಿಫಿಕೇಶನ್ ಹೊರಗೆ ಬಿಡ್ತು. ಅದು ಬಂದ ತಕ್ಷಣ ಹಳೇವು ಹೋಗಲ್ಲ, ಜನರ ಕೈಲಿರೋ ಕಾರ್ಡ್ ಬದಲಾಗೋವರೆಗೂ ಹಳೇದರ ಜೊತೆ ಇದೂ ಒಂದು ಸೇರ್ಕೊಳತ್ತೆ, ಅಂದ್ರೆ ಸದ್ಯಕ್ಕೆ ಕೆಲಸ ಜಾಸ್ತಿಯೇ. ಆದ್ರೂ ನನಗೆ ಇದರ ಮೇಲೆ ತುಂಬಾ ಆಸೆ ಇದೆ, ಸಣ್ಣ ಕಂಪನಿಗಳಿಗೆ ಇದರಷ್ಟು ಸಹಾಯ ಬೇರೆ ಯಾವುದರಿಂದಲೂ ಆಗಲ್ಲ.

ಪ್ರಶ್ನೆ: ಮೆಟ್ರೋ ಗೇಟಲ್ಲಿ ಪರ್ಸ್ ಸಮೇತ ಕಾರ್ಡ್ ಇಟ್ರೆ ಒಮ್ಮೊಮ್ಮೆ ತಗೊಳಲ್ಲ, ಹಿಂದೆ ನಿಂತವರು ಬೈತಾರೆ. ಕಾರ್ಡ್ ಸರಿಯಾಗಿ ಟೆಸ್ಟ್ ಆಗಿಲ್ವಾ?

ಕಾರ್ಡ್ ಸರಿ ಇದೆ, ಪರ್ಸಲ್ಲಿ ಇನ್ನೊಂದು ಟ್ಯಾಪ್ ಕಾರ್ಡ್ ಇರಬೇಕು ನೋಡಿ. ಎರಡು ಕಾರ್ಡ್ ಒಟ್ಟಿಗೆ ಉತ್ತರ ಕೊಟ್ರೆ ಪೇಮೆಂಟ್ ರೀಡರ್ ಯಾವುದರಿಂದಲೂ ದುಡ್ಡು ತಗೋಬಾರ್ದು ಅಂತಾನೇ ನಿಯಮ ಇರೋದು, ಅದಕ್ಕೂ ಒಂದು ಟೆಸ್ಟ್ ಇದೆ. ಮೆಟ್ರೋ ಕಾರ್ಡ್ ಒಂದನ್ನೇ ಹೊರಗೆ ತೆಗೆದು ಅರ್ಧ ಸೆಕೆಂಡ್ ಅಲುಗಾಡದೆ ಹಿಡೀರಿ.

ಪ್ರಶ್ನೆ: ಬೇಗ ಬೇಗ ಅಂತ ಟೆಸ್ಟಿಂಗ್ ಕಮ್ಮಿ ಮಾಡಿದ್ರೆ ಕೊನೆಗೆ ದುಡ್ಡು ಹೋಗೋದು ನಮ್ಮಂಥ ಸಾಮಾನ್ಯರದ್ದೇ ಅಲ್ವಾ? (ನಿವೃತ್ತ ಶಿಕ್ಷಕಿ, ಜಯನಗರ)

ನೀವು ಹೇಳೋದು ನಿಜ ಮೇಡಂ, ಈ ಭಯ ಟೆಸ್ಟ್ ಮಾಡೋರಿಗೂ ಇರಬೇಕು. ನಾನು ಕಮ್ಮಿ ಮಾಡಿ ಅಂತಿರೋದು ಕಾಯೋದನ್ನ, ಕೈಯಲ್ಲಿ ಬರೆಯೋದನ್ನ, ಒಂದೇ ಟೆಸ್ಟ್ ಮೂರು ಟೀಮ್ ಮಾಡೋದನ್ನ. ಎಷ್ಟೇ ಅವಸರ ಇದ್ರೂ ಬಿಡಬಾರದ ಟೆಸ್ಟ್‌ಗಳು ಕೆಲವು ಇವೆ, ಒಂದು ಹೇಳ್ತೀನಿ. ಟ್ರಾನ್ಸಾಕ್ಷನ್ ಬ್ಯಾಂಕಿಗೆ ಹೋಗಿದೆ, ಬ್ಯಾಂಕ್ ಸರಿ ಅಂತ ದುಡ್ಡು ಕಟ್ ಮಾಡಿದೆ, ಉತ್ತರ ವಾಪಸ್ ಬರೋ ಹೊತ್ತಿಗೆ ನೆಟ್‌ವರ್ಕ್ ಹೋಯ್ತು. ಚಿಕ್ಕಪೇಟೆ ಒಳಗಿನ ಗಲ್ಲಿ ಅಂಗಡಿಗಳಲ್ಲಿ, ಬೇಸ್‌ಮೆಂಟ್‌ಗಳಲ್ಲಿ ಇದು ದಿನಾ ಆಗತ್ತೆ. ಆಗ ಮಷಿನ್ ನೆಟ್‌ವರ್ಕ್ ಬಂದ ತಕ್ಷಣ ತಾನಾಗೇ ರಿವರ್ಸಲ್ ಮೆಸೇಜ್ (ಈ ಟ್ರಾನ್ಸಾಕ್ಷನ್ ರದ್ದು ಮಾಡಿ ಅಂತ) ಕಳಿಸ್ಬೇಕು, ಕಳಿಸೋಕೆ ಮುಂಚೆ ಸ್ವಿಚ್ ಆಫ್ ಆದ್ರೂ ಮತ್ತೆ ಆನ್ ಆದಾಗ ನೆನಪಿಟ್ಕೊಂಡು ಕಳಿಸ್ಬೇಕು. ಇದನ್ನ ಟೆಸ್ಟ್ ಮಾಡೋದು ಹೆಂಗೆ ಅಂದ್ರೆ ನಾವು ಸರಿಯಾಗಿ ಆ ಗಳಿಗೇಲಿ ಕೇಬಲ್ ಕಿತ್ತಾಕ್ತೀವಿ, ಬ್ಯಾಟರಿ ತೆಗೀತೀವಿ, ಮತ್ತೆ ಹಾಕ್ತೀವಿ, ಹತ್ತಾರು ಸಲ.

ಈ ಟೆಸ್ಟಲ್ಲಿ ಪಾಸಾದ ಮಷಿನ್‌ನಿಂದಲೂ ನಿಮಗೆ ಹೀಗಾದ್ರೆ ಆರ್‌ಬಿಐ 2019ರ ಸೆಪ್ಟೆಂಬರ್‌ನಲ್ಲಿ ಮಾಡಿರೋ ನಿಯಮ ನೆನಪಿರ್ಲಿ, ಅಂಗಡೀಲಿ ಕಾರ್ಡ್‌ನಿಂದ ದುಡ್ಡು ಕಟ್ ಆಗಿ ಅಂಗಡಿಗೆ ಖಚಿತ ಆಗ್ಲಿಲ್ಲ ಅಂದ್ರೆ ಆ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ ಬರಬೇಕು, ಮೀರಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕಿಗೆ ಬರೆಯುವಾಗ ಈ ನಿಯಮ ಹೆಸರಿಸಿ ಬರೀರಿ.

ಪ್ರಶ್ನೆ: ನಮ್ಮಮ್ಮನಿಗೆ ಕನ್ನಡ ಬಿಟ್ರೆ ಬೇರೆ ಓದೋಕೆ ಬರಲ್ಲ. ಕಾರ್ಡ್ ಮಷಿನ್ ಕನ್ನಡದಲ್ಲಿ ಯಾಕೆ ಕೇಳಲ್ಲ? (ವಿಜಯನಗರ)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಕೇಳೋ ವ್ಯವಸ್ಥೆ ಸ್ಟ್ಯಾಂಡರ್ಡ್‌ನಲ್ಲೇ ಇದೆ! ಚಿಪ್‌ನಲ್ಲಿ 5ಎಫ್2ಡಿ ಅನ್ನೋ ಟ್ಯಾಗ್ ಇದೆ, ಅದರಲ್ಲಿ ಕಾರ್ಡ್‌ದಾರರಿಗೆ ಬೇಕಾದ ಭಾಷೆಗಳನ್ನ ಎರಡೆರಡು ಅಕ್ಷರದ ಕೋಡ್‌ನಲ್ಲಿ ನಾಲ್ಕರವರೆಗೂ ಬರೀಬಹುದು. ಕನ್ನಡದ ಕೋಡ್ ಕೆಎನ್, ಬೈಟ್ ಲೆಕ್ಕದಲ್ಲಿ 6ಬಿ 6ಇ. ಮಷಿನ್ ಆ ಪಟ್ಟಿ ಓದಿ ತನ್ನ ಹತ್ರ ಇರೋ ಭಾಷೆ ಜೊತೆ ಹೋಲಿಸಿ ಮೊದಲು ಸಿಕ್ಕಿದ್ದನ್ನ ತೋರಿಸ್ಬೇಕು. ಬ್ಯಾಂಕ್ ಕಾರ್ಡ್‌ನಲ್ಲಿ ಅದನ್ನ ಬರೀಬೇಕು, ಮಷಿನ್‌ನವರು ಕನ್ನಡದ ಫಾಂಟ್, ಸಂದೇಶ ಹಾಕಬೇಕು, ಎರಡೂ ಸೇರಿದ್ರೆ ನಿಮ್ಮಮ್ಮನಿಗೆ "ಪಿನ್ ನಮೂದಿಸಿ" ಅಂತ ಬರತ್ತೆ.

ಬರದೇ ಇರೋಕೆ ಕಾರಣ, ಭಾಷೆ ಆಮೇಲೆ ನೋಡೋಣ ಅಂತ ಮೊದಲ ಸರ್ಟಿಫಿಕೇಶನ್‌ನಲ್ಲಿ ಬಿಡ್ತಾರೆ, ಆಮೇಲೆ ಸೇರಿಸಕ್ಕೆ ಹೋದ್ರೆ ಸ್ಕ್ರೀನು, ರಸೀದಿ ಎಲ್ಲಾ ಮತ್ತೆ ಟೆಸ್ಟ್ ಮಾಡಬೇಕು ಅಂತ ಯಾರೂ ಮುಂದೆ ಬರಲ್ಲ. ಶುರುವಲ್ಲೇ ಸೇರ್ಸಿದ್ರೆ ಹೆಚ್ಚಿನ ಕೆಲಸ ಒಂದೆರಡು ದಿನದ್ದು. ಒತ್ತಕ್ಷರ ಸ್ಕ್ರೀನ್‌ನಲ್ಲಿ ಕತ್ತರಿಸಿ ಹೋಗ್ತಿದ್ಯಾ ಅಂತ ನೋಡೋದೇ ಅದರಲ್ಲಿ ಮುಖ್ಯ, "ದೃಢೀಕರಿಸಿ" ಅನ್ನೋ ಪದ ಸಣ್ಣ ಸ್ಕ್ರೀನ್‌ನಲ್ಲಿ ಕೂರಿಸೋಕೆ ನಾವು ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿದ್ವಿ, ಕೊನೆಗೆ "ಸರಿ" ಅಂತ ಹಾಕಿದ್ವಿ. ನಿಮ್ಮ ಬ್ಯಾಂಕ್ ಶಾಖೆಗೆ ಹೋದಾಗ ಹೊಸ ಕಾರ್ಡ್‌ನ 5ಎಫ್2ಡಿ ಟ್ಯಾಗ್‌ನಲ್ಲಿ ಕನ್ನಡ ಹಾಕ್ಸಿ ಅಂತ ಲಿಖಿತವಾಗಿ ಕೊಟ್ಟು ಬನ್ನಿ. ಉತ್ತರ ಏನು ಬಂತು ಅಂತ ನನಗೂ ಬರೀರಿ, ಮುಂದಿನ ಸಂಚಿಕೇಲಿ ಹಾಕ್ತೀನಿ.